ಹನ್ನೆರಡನೇ ನಂಬರಿನ ಅಂಗಿ

ಗ್ರೀನ್ ಬೇ, ವಿಸ್ಕಾನ್ಸಿನ್
28 ಮೇ 2023, ಭಾನುವಾರ

ತೀರ್ಥರೂಪ ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಹಿಮ ಕರಗಿ, ಅಂತೂ ಮರಗಳೆಲ್ಲ ಚಿಗುರಿವೆ. ಈ ಸಲ ಫೋನ್ ಬಿಟ್ಟು ಪತ್ರ ಬರೆಯುತ್ತಿದ್ದೇನೆ. ಹಾಳೆ ಕೈಗೆ ಬಂದ ಕೂಡಲೇ ನೀವು ಓದುವ ಮೊದಲು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೀರಿ ಅಂತ ಗೊತ್ತು. ಇದು ನಮ್ಮ ಮಿಲ್ಲಿನದಲ್ಲ ಅಪ್ಪ. ನಾವು ಮಾಡುವುದು ಬರೀ ಟಿಶ್ಯೂ. ಅದರ ಮೇಲೆ ಪೆನ್ನು ಓಡುವುದಿಲ್ಲ.

ನಮ್ಮೂರ ಅಮೆರಿಕನ್ ಫುಟ್‌ಬಾಲ್ ತಂಡ ಪ್ಯಾಕರ್ಸ್ ಬಿಟ್ಟುಕೊಟ್ಟ ಆರನ್ ರಾಡ್ಜರ್ಸ್ ಬಗ್ಗೆ ಹೋದ ಭಾನುವಾರ ನೀವು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಹದಿನೆಂಟು ವರ್ಷ ಆಡಿದವನನ್ನ ಹಂಗೆ ಕಳಿಸಿಬಿಡ್ತಾರಾ?" ಅಂದಿರಿ. ಅಷ್ಟರಲ್ಲಿ ಕುಕ್ಕರ್ ಕೂಗಿತು, ಪುಟ್ಟ ಫೋನ್ ಕಿತ್ತುಕೊಂಡ. ಅಮ್ಮ ಹಿಂದಿನಿಂದ "ಈಗ ಆಟವೇ ಇಲ್ವಲ್ಲ, ಅದರದ್ದೇನು ಇಷ್ಟೊಂದು ಮಾತು" ಅಂದದ್ದೂ ಕೇಳಿಸಿತು. ಅಮ್ಮ ಹೇಳಿದ್ದು ನಿಜ. ಜನವರಿ 8ಕ್ಕೆ ನಮ್ಮ ಪ್ಯಾಕರ್ಸ್ ಕೊನೆಯ ಪಂದ್ಯ ಆಡಿದ್ದು. ಇಲ್ಲೇ, ನಮ್ಮೂರ ಮೈದಾನದಲ್ಲೇ, ಡೆಟ್ರಾಯಿಟ್ ಎದುರು 20-16ಕ್ಕೆ ಸೋತರು. ಇನ್ನು ಲೆಕ್ಕಕ್ಕೆ ಸೇರುವ ಆಟ ಅಂದರೆ ಸೆಪ್ಟೆಂಬರ್ 10ಕ್ಕೆ, ಶಿಕಾಗೋದಲ್ಲಿ. ಆದರೆ ಈ ಊರಲ್ಲಿ ಆಟ ಇಲ್ಲದ ಎಂಟು ತಿಂಗಳಲ್ಲೇ ಮಾತು ಜಾಸ್ತಿ. ಯಾರು ಹೋದರು, ಯಾರು ಬಂದರು, ಯಾರಿಗೆ ಎಷ್ಟು ಕೊಟ್ಟರು ಅನ್ನುವುದೇ ಸುದ್ದಿ. ಶಿಫ್ಟ್ ಬದಲಾಗುವಾಗ ಪೇಪರ್ ಮೆಷಿನ್ನಿನ ಸದ್ದನ್ನೂ ಮೀರಿಸಿ ಜಗಳ ಆಡುತ್ತಾರೆ.

ಆರನ್ ರಾಡ್ಜರ್ಸ್ ಅಂದರೆ ಪುಟ್ಟನ ಅಂಗಿಯ ಹನ್ನೆರಡನೇ ನಂಬರಿನವನು. ಕ್ವಾರ್ಟರ್‌ಬ್ಯಾಕ್ ಅಂದರೆ ಏನು ಅಂತ ಹಿಂದೊಮ್ಮೆ ಹೇಳಿದ್ದೆ. ಚೆಂಡು ಪ್ರತಿ ಸಲ ಮೊದಲು ಬರುವುದು ಅವನ ಕೈಗೆ. ಎರಡು ಮೂರು ಸೆಕೆಂಡಿನಲ್ಲಿ, ನೂರೈವತ್ತು ಕಿಲೋ ತೂಕದವರು ಮೈಮೇಲೆ ಬೀಳುವ ಮೊದಲು, ಯಾರಿಗೆ ಎಸೆಯಬೇಕು ಅಂತ ತೀರ್ಮಾನ ಮಾಡಬೇಕು. ಉಳಿದವರು ಎಷ್ಟೇ ಚೆನ್ನಾಗಿದ್ದರೂ ಇವನು ಸರಿ ಇಲ್ಲದಿದ್ದರೆ ಆ ವರ್ಷ ಹೋಯಿತು ಅಂತಲೇ. ಪ್ಯಾಕರ್ಸ್‌ಗೆ 1992ರಿಂದ ಇಲ್ಲಿಯವರೆಗೆ ಇಬ್ಬರೇ ಮುಖ್ಯ ಕ್ವಾರ್ಟರ್‌ಬ್ಯಾಕ್‌ಗಳು. 2007ರವರೆಗೆ ಬ್ರೆಟ್ ಫಾರ್ವ್, ಆಮೇಲೆ ರಾಡ್ಜರ್ಸ್. ಪಕ್ಕದ ಶಿಕಾಗೋದವರು ಅಷ್ಟರಲ್ಲಿ ಎಷ್ಟು ಜನರನ್ನು ಬದಲಾಯಿಸಿದರೋ, ಅವರಿಗೇ ಲೆಕ್ಕ ಸಿಗಲಿಕ್ಕಿಲ್ಲ. ರಾಡ್ಜರ್ಸ್ 2011ರ ಫೆಬ್ರವರಿಯಲ್ಲಿ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದುಕೊಟ್ಟ. ನಾಲ್ಕು ಸಲ ಇಡೀ ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ. ಇಂಥವನನ್ನು ಏಪ್ರಿಲ್ ಕೊನೆಯಲ್ಲಿ ನ್ಯೂಯಾರ್ಕ್ ಜೆಟ್ಸ್‌ಗೆ ಕೊಟ್ಟುಬಿಟ್ಟರು.

ಈಗ ನನ್ನ ಉತ್ತರ. ಕಳಿಸಿದ್ದು ಸರಿ. ಕಳಿಸಿದ ರೀತಿ ಸರಿ ಇಲ್ಲ.

ಬೇಜಾರು ಮಾಡಿಕೊಳ್ಳಬೇಡಿ, ಪೂರ್ತಿ ಓದಿ. ಜೋರ್ಡನ್ ಲವ್ ಅಂತ ಒಬ್ಬ ಹುಡುಗ ಇದ್ದಾನೆ. 2020ರಲ್ಲಿ, ಎಲ್ಲರೂ ರಾಡ್ಜರ್ಸ್‌ಗೆ ಎಸೆದ ಚೆಂಡು ಹಿಡಿಯುವ ಒಬ್ಬ ಒಳ್ಳೆ ರಿಸೀವರ್ ತನ್ನಿ ಅಂತ ಕಾಯುತ್ತಿದ್ದಾಗ, ಮ್ಯಾನೇಜರ್ ಬ್ರಯಾನ್ ಗುಟೆಕುನ್ಸ್ಟ್ ಕಾಲೇಜು ಹುಡುಗರನ್ನು ಆರಿಸುವ ಡ್ರಾಫ್ಟಿನ ಮೊದಲ ಸುತ್ತಿನಲ್ಲೇ ಈ ಇನ್ನೊಬ್ಬ ಕ್ವಾರ್ಟರ್‌ಬ್ಯಾಕನ್ನು ತಂದು ಕೂರಿಸಿದ. ಮನೆಯಲ್ಲಿ ಹಿರಿಯ ಗಟ್ಟಿಯಾಗಿರುವಾಗಲೇ ಪಾಲಿನ ಮಾತೆತ್ತಿದ ಹಾಗೆ! ರಾಡ್ಜರ್ಸ್‌ಗೆ ಉರಿಯಿತು. ಉರಿದುಕೊಂಡೇ 2020ರಲ್ಲೂ 2021ರಲ್ಲೂ ಆ ಅತ್ಯುತ್ತಮ ಪ್ರಶಸ್ತಿ ಹೊಡೆದ. ಹಾಗಾಗಿ ಲವ್ ಮೂರು ವರ್ಷ ಬೆಂಚಿನ ಮೇಲೇ ಕೂತ. ಒಂದು ದೂರು ಹೇಳಿದ್ದು ಯಾರೂ ಕೇಳಲಿಲ್ಲ. ನನಗೆ ಅವನ ಮೇಲೆ ಅಕ್ಕರೆ ಹುಟ್ಟಿದ್ದು ಅದಕ್ಕೇ. ರಾಡ್ಜರ್ಸ್ ಕೂಡ ಹಿಂದೆ ಹೀಗೇ ಮೂರು ವರ್ಷ ಫಾರ್ವ್ ಹಿಂದೆ ಕೂತಿದ್ದವನು. ಆಮೇಲೆ 2008ರಲ್ಲಿ ಫಾರ್ವ್ ಅಳುತ್ತಾ ನಿವೃತ್ತಿ ಹೇಳಿದ, ಬೇಸಿಗೆಯಲ್ಲಿ ಮನಸ್ಸು ಬದಲಾಯಿಸಿದ, ತಂಡ ಅವನನ್ನು ಕಳಿಸಿತು. ಎಲ್ಲಿಗೆ ಗೊತ್ತಾ? ಇದೇ ಜೆಟ್ಸ್‌ಗೆ. ಕಥೆ ಕಟ್ಟಿದರೂ ಯಾರೂ ನಂಬಲ್ಲ.

ತಪ್ಪಿದ್ದು ಎಲ್ಲಿ ಅಂದರೆ, ಹೋದ ವರ್ಷ ಮಾರ್ಚಿನಲ್ಲಿ ಅವನಿಗೆ ಮೂರು ವರ್ಷಕ್ಕೆ 15 ಕೋಟಿ ಡಾಲರಿನ ಒಪ್ಪಂದ ಮಾಡಿದರು. ಅದೇ ತಿಂಗಳು ಅವನ ನಂಬಿಕೆಯ ರಿಸೀವರ್ ದವಾಂತೆ ಆಡಮ್ಸ್ ಬೇರೆ ತಂಡಕ್ಕೆ ಹೋದ. ಕೈಗೆ ದುಡ್ಡು ಕೊಟ್ಟು, ಕೈಯೇ ಕತ್ತರಿಸಿದ ಹಾಗಾಯಿತು. ಆ ವರ್ಷ 8 ಗೆಲುವು, 9 ಸೋಲು. ಈ ಫೆಬ್ರವರಿಯಲ್ಲಿ ರಾಡ್ಜರ್ಸ್ ಆರೆಗಾನ್‌ನಲ್ಲಿ ಒಂದು ಕತ್ತಲೆ ಕೋಣೆಯೊಳಗೆ ದಿನಗಟ್ಟಲೆ ಒಬ್ಬನೇ ಕೂತು ಬಂದ. ಯೋಚನೆ ಮಾಡಲಿಕ್ಕಂತೆ. ನಮ್ಮ ಮಿಲ್ಲಿನವರು ನಕ್ಕು ಸುಸ್ತಾದರು. ನಾನು ನಗಲಿಲ್ಲ, ನಮ್ಮ ಕಡೆ ಇದು ಹೊಸದೇನಲ್ಲ ಅಂದೆ. ಹೊರಗೆ ಬಂದವನು ಮಾರ್ಚ್ ಮಧ್ಯದಲ್ಲಿ ನನಗೆ ಜೆಟ್ಸ್‌ಗೆ ಆಡುವ ಮನಸ್ಸಿದೆ ಅಂದ. ಆಮೇಲೂ ಒಂದು ತಿಂಗಳಿಗಿಂತ ಜಾಸ್ತಿ ಎರಡು ಕಡೆಯವರೂ ವರದಕ್ಷಿಣೆ ಮಾತಾಡಿದ ಹಾಗೆ ಚೌಕಾಸಿ ಮಾಡಿದರು.

ಸಿಕ್ಕಿದ್ದೇನು ಅಂತ ನೀವು ಕೇಳುತ್ತೀರಿ. ಇಲ್ಲಿ ಆಟಗಾರನನ್ನು ಕೊಟ್ಟರೆ ಸಾಮಾನ್ಯವಾಗಿ ದುಡ್ಡು ಬರಲ್ಲ, ಕಾಲೇಜು ಹುಡುಗರನ್ನು ಆರಿಸುವ ಸರದಿ ಬರುತ್ತದೆ. 15ನೇ ಸರದಿ, ಐದನೇ ಸುತ್ತಿನದ್ದೊಂದು ಬಿಟ್ಟುಕೊಟ್ಟು 13ನೆಯದು ತಗೊಂಡರು. ಜೊತೆಗೆ 42ನೆಯದು, ಆರನೇ ಸುತ್ತಿನದ್ದೊಂದು. ಮುಂದಿನ ವರ್ಷಕ್ಕೆ ಒಂದು ಎರಡನೇ ಸುತ್ತಿನ ಸರದಿ ಇದೆ. ಆದರೆ ಜೆಟ್ಸ್ ಆಟದಲ್ಲಿ ರಾಡ್ಜರ್ಸ್ ನೂರಕ್ಕೆ 65 ಭಾಗ ಆಡಿದರೆ ಅದು ಮೊದಲ ಸುತ್ತಿನದ್ದಾಗುತ್ತದೆ. ಹಾಗಾಗಿ ಅವನನ್ನು ಬೈದುಕೊಂಡು ಕಳಿಸಿದವರೇ ಈಗ ಅವನ ಆರೋಗ್ಯಕ್ಕೆ ಹರಕೆ ಹೊರುತ್ತಿದ್ದಾರೆ. ಇನ್ನೊಂದು ತಮಾಷೆ ಇದೆ. ಪ್ರತಿ ತಂಡ ಈ ವರ್ಷ ಆಟಗಾರರಿಗೆ ಖರ್ಚು ಮಾಡಬಹುದಾದ ಮಿತಿ 22.48 ಕೋಟಿ ಡಾಲರ್. ಅದರಲ್ಲಿ 4 ಕೋಟಿಗಿಂತ ಜಾಸ್ತಿ ರಾಡ್ಜರ್ಸ್ ಹೆಸರಿಗೇ ಹೋಗುತ್ತದೆ. ಅವನು ನ್ಯೂಯಾರ್ಕಿನಲ್ಲಿದ್ದರೂ ಹಳೆಯ ಬೋನಸ್ಸಿನ ಲೆಕ್ಕ ಪ್ಯಾಕರ್ಸ್ ಪುಸ್ತಕದಲ್ಲೇ ಮುಗಿಯಬೇಕು. ಮನೆ ಮಾರಿ ಆದಮೇಲೂ ಸಾಲದ ಕಂತು ಕಟ್ಟಿದ ಹಾಗೆ.

ಆ 13ನೇ ಸರದಿಗೆ ಅಯೋವಾದ ಲೂಕಸ್ ವ್ಯಾನ್ ನೆಸ್ ಬಂದ. ಗಟ್ಟಿಮುಟ್ಟಾದ ಹುಡುಗ, ಎದುರಿನ ಕ್ವಾರ್ಟರ್‌ಬ್ಯಾಕನ್ನು ಕೆಡವುವ ಕೆಲಸ. ಚೆಂಡು ಹಿಡಿಯಲು ಲೂಕ್ ಮಸ್‌ಗ್ರೇವ್, ಜೇಡನ್ ರೀಡ್, ಟಕರ್ ಕ್ರಾಫ್ಟ್. ಒಟ್ಟು 13 ಜನ ಹೊಸಬರು. ಲವ್‌ಗೆ ಒಂದು ವರ್ಷ ಒಪ್ಪಂದ ಬೆಳೆಸಿದ್ದಾರೆ. ಅವನು ಆಡಿದ್ದು ಹೆಚ್ಚು ನೋಡೇ ಇಲ್ಲ, ಜಾಸ್ತಿ ಕೊಡಲೂ ಭಯ, ಬಿಡಲೂ ಭಯ. ಸುತ್ತ ಎಲ್ಲರೂ ಚಿಕ್ಕವರಾದರೆ ಅವನಿಗೆ ಕಷ್ಟವಾಗುತ್ತದೆ ಅನ್ನುವ ಚಿಂತೆ ನನಗೂ ಇದೆ. ಆದರೂ ಒಟ್ಟಿಗೆ ಕಲಿಯಲಿ. ಈ ವರ್ಷ ಎಂಟು ಪಂದ್ಯ ಗೆದ್ದರೂ ನನಗೆ ಸಾಕು. ಮಿಲ್ಲಿನಲ್ಲಿ ಹಾಗೆ ಹೇಳಿದರೆ ಹೊಡೆಯಲು ಬರುತ್ತಾರೆ.

ನಿಜ ಹೇಳಬೇಕೆಂದರೆ ನನ್ನ ಹೊಟ್ಟೆ ಉರಿದದ್ದು ರಾಡ್ಜರ್ಸ್‌ಗಾಗಿ ಅಲ್ಲ. ಮೇಸನ್ ಕ್ರಾಸ್ಬಿ ಅಂತ ಒಬ್ಬ ಕಿಕ್ಕರ್ ಇದ್ದ. 2007ರಿಂದ ಚಳಿ, ಗಾಳಿ, ಹಿಮ ಎನ್ನದೆ ಚೆಂಡು ಒದ್ದವನು. ಈ ತಂಡದ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಅವನದು. ಒಪ್ಪಂದ ಮುಗಿಯಿತು, ಮತ್ತೆ ಕರೆಯಲಿಲ್ಲ, ಅವನ ಜಾಗಕ್ಕೆ ಒಬ್ಬ ಕಾಲೇಜು ಹುಡುಗನನ್ನು ತಂದರು. ಅವನ ಸುದ್ದಿಗೆ ಅರ್ಧ ದಿನವೂ ಯಾರೂ ಅಳಲಿಲ್ಲ.

ಇನ್ನೊಂದು ವಿಷಯ, ಇದನ್ನು ಫೋನಿನಲ್ಲಿ ಹೇಳಲು ಧೈರ್ಯ ಇರಲಿಲ್ಲ. ಈ ತಂಡಕ್ಕೆ ಒಬ್ಬ ಧಣಿ ಅಂತ ಇಲ್ಲ. ಇಡೀ ಲೀಗಿನಲ್ಲಿ ಇದೊಂದೇ ಊರಿನವರ ತಂಡ, 5 ಲಕ್ಷಕ್ಕೂ ಜಾಸ್ತಿ ಜನ ಪಾಲುದಾರರು. ಆ ಪಾಲುದಾರರಲ್ಲಿ ನಾನೂ ಒಬ್ಬಳು. 2021ರ ಚಳಿಗಾಲದಲ್ಲಿ ಷೇರು ಬಿಟ್ಟಾಗ 300 ಡಾಲರ್ ಕೊಟ್ಟು ಒಂದು ತಗೊಂಡೆ. ಡಿವಿಡೆಂಡ್ ಇಲ್ಲ, ಮಾರುವ ಹಾಗಿಲ್ಲ, ಬೆಲೆ ಏರುವುದೂ ಇಲ್ಲ. ಬಯ್ಯಿರಿ, ಪರವಾಗಿಲ್ಲ. ಆ ಕಾಗದವನ್ನು ಚೌಕಟ್ಟು ಹಾಕಿಸಿ ಲಕ್ಷ್ಮೀನರಸಿಂಹನ ಪಟದ ಪಕ್ಕದಲ್ಲಿ ತೂಗುಹಾಕಿದ್ದೇನೆ. ಒಳ್ಳೆ ದಪ್ಪ ಕಾಗದ ಅಪ್ಪ, ನಿಮಗೆ ಇಷ್ಟವಾಗುತ್ತಿತ್ತು. ಜುಲೈನಲ್ಲಿ ಮೈದಾನದಲ್ಲೇ ಪಾಲುದಾರರ ಸಭೆ. ಕ್ರಾಸ್ಬಿ ವಿಷಯ ಎತ್ತಬೇಕು ಅಂತಿದ್ದೇನೆ. ಮೈಕ್ ಸಿಗಬೇಕಲ್ಲ.

1919ರಲ್ಲಿ ತಂಡ ಶುರುವಾದಾಗ ಅಂಗಿಗೆ ದುಡ್ಡು ಕೊಟ್ಟದ್ದು ಇಲ್ಲಿನ ಒಂದು ಮಾಂಸದ ಡಬ್ಬಿಯ ಕಾರ್ಖಾನೆ. ಅದಕ್ಕೇ ಪ್ಯಾಕರ್ಸ್ ಅಂತ ಹೆಸರು. ಕಾರ್ಖಾನೆಯ ಹೆಸರು ಇಂಡಿಯನ್ ಪ್ಯಾಕಿಂಗ್ ಕಂಪನಿ. ನಮಗೂ ಅದಕ್ಕೂ ಸಂಬಂಧ ಇಲ್ಲ ಅಂತ ಗೊತ್ತಿದ್ದೂ ಪುಟ್ಟ ಶಾಲೆಯಲ್ಲಿ ನಮ್ಮದೇ ಅಂತ ಸಾರಿಬಿಟ್ಟಿದ್ದಾನೆ. ಹೊಸ ಸುದ್ದಿ ಅಂದರೆ, 2025ರ ಆಯ್ಕೆಯ ಹಬ್ಬ, ಅದೇ ಡ್ರಾಫ್ಟ್, ನಮ್ಮೂರಿಗೆ ಬರುತ್ತದಂತೆ. ಹೋದ ಸೋಮವಾರ ಹೇಳಿದರು. ಭದ್ರಾವತಿಗಿಂತ ಚಿಕ್ಕ ಊರು ಇದು. ಎಂಬತ್ತೊಂದು ಸಾವಿರ ಜನ ಹಿಡಿಯುವ ಮೈದಾನ ಇರುವುದೇ ಒಂದು ಆಶ್ಚರ್ಯ. ಬರುವವರೆಲ್ಲ ಎಲ್ಲಿ ಮಲಗುತ್ತಾರೋ! ನೀವಿಬ್ಬರೂ ಆಗಲೇ ಬನ್ನಿ, ಒಂದು ಕೋಣೆ ಬಾಡಿಗೆಗೆ ಕೊಟ್ಟರೆ ಟಿಕೆಟ್ ದುಡ್ಡು ಹುಟ್ಟುತ್ತದೆ.

ನಿಮಗೆ ರಾಡ್ಜರ್ಸ್ ಮೇಲೆ ಯಾಕೆ ಇಷ್ಟು ಮರುಕ ಅಂತ ನನಗೆ ಗೊತ್ತು. ಒಂದು ಪಂದ್ಯವನ್ನೂ ನೀವು ಪೂರ್ತಿ ನೋಡಿದವರಲ್ಲ. ಅದು ವಿಶಿ, ಅಂದರೆ ಕ್ರಿಕೆಟ್ಟಿನ ಜಿ.ಆರ್. ವಿಶ್ವನಾಥ್ ವಿಷಯ. ನಮ್ಮ ಭದ್ರಾವತಿಯಲ್ಲಿ ಹುಟ್ಟಿದವರು, ಕಾನ್ಪುರದ ಮೊದಲ ಟೆಸ್ಟಿನಲ್ಲೇ ಸೊನ್ನೆಯ ಹಿಂದೆ 137 ಹೊಡೆದವರು. 1983ರ ಪಾಕಿಸ್ತಾನ ಪ್ರವಾಸ ಮುಗಿದ ಮೇಲೆ ಮತ್ತೊಂದು ಟೆಸ್ಟ್ ಕೊಡಲಿಲ್ಲ. ಆ ಜೂನ್‌ನಲ್ಲಿ ವಿಶ್ವಕಪ್ ಗೆದ್ದಾಗ ಕಾಗದನಗರದಲ್ಲಿ ಎಲ್ಲರೂ ಪಟಾಕಿ ಹೊಡೆಯುತ್ತಿದ್ದರೆ ನೀವು ಮಾತ್ರ "ವಿಶಿ ಇರಬೇಕಿತ್ತು" ಅಂತ ಕೂತಿದ್ದಿರಂತೆ. ಅಮ್ಮ ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ.

ಪುಟ್ಟನಿಗೂ ಈಗ ಅದೇ ಗತಿ. ಅಂಗಿ ಬಿಚ್ಚುವುದಿಲ್ಲ. ಹತ್ತನೇ ನಂಬರಿನ ಲವ್ ಅಂಗಿ ತಂದುಕೊಟ್ಟೆ, ಕವರ್ ಕೂಡ ಒಡೆದಿಲ್ಲ. ಒಂದೇ ಆಸೆ ಉಳಿದಿದೆ. ಜುಲೈ ಕೊನೆಯಲ್ಲಿ ಅಭ್ಯಾಸ ಶುರುವಾದಾಗ ಆಟಗಾರರು ಮಕ್ಕಳ ಸೈಕಲ್ ಇಸಕೊಂಡು ಮೈದಾನದಿಂದ ಅಭ್ಯಾಸದ ಜಾಗಕ್ಕೆ ಹೋಗುತ್ತಾರೆ. ಆ ದೈತ್ಯರು ಮೊಣಕಾಲು ಕಿವಿಗೆ ತಾಗಿಸಿಕೊಂಡು ತುಳಿಯುತ್ತಾರೆ, ಮಕ್ಕಳು ಹೆಲ್ಮೆಟ್ ಹಿಡಿದು ಪಕ್ಕದಲ್ಲಿ ಓಡುತ್ತವೆ. ಇವನ ಸೈಕಲ್ಲಿಗೆ ಈಗಲೇ ಎಣ್ಣೆ ಹಾಕಿ ಇಟ್ಟಾಗಿದೆ. ಲವ್ ಬಂದು ಕೇಳಿದರೆ ಕೊಡ್ತೀಯಾ ಅಂದರೆ, "ನೋಡೋಣ" ಅಂತಾನೆ.

ಅಪ್ಪ, ಬಿಪಿ ಮಾತ್ರೆ ತಪ್ಪಿಸಬೇಡಿ. ಅಮ್ಮ ಕಳಿಸಿದ ಅಪ್ಪೆಮಿಡಿ ಮುಗಿಯುತ್ತಾ ಬಂತು, ಯಾರಾದರೂ ಬರುವವರಿದ್ದರೆ ಹೇಳಿ.

ಪುಟ್ಟ ಇಲ್ಲೇ ಪಕ್ಕದಲ್ಲಿ ನಿಂತಿದ್ದಾನೆ. ಅಜ್ಜನಿಗೆ ಒಂದು ಪ್ರಶ್ನೆ ಬರೆಯಲೇಬೇಕಂತೆ. ವಿಶಿ ಟೀಮಿನಿಂದ ಹೋದ ಮೇಲೆ ಅಜ್ಜ ಯಾರ ಅಂಗಿ ಹಾಕಿಕೊಳ್ತಿದ್ರು? ಆಗ ಅಂಗಿಯ ಮೇಲೆ ಹೆಸರೂ ಇರಲಿಲ್ಲ, ನಂಬರೂ ಇರಲಿಲ್ಲ, ಎಲ್ಲರದೂ ಬರೀ ಬಿಳಿ ಅಂದೆ. ನಂಬುತ್ತಿಲ್ಲ. ಭಾನುವಾರ ನೀವೇ ಹೇಳಿ.

ನಿಮ್ಮ ಮಗಳು