ಬಲಗಾಲು

ಮೈಸೂರು

ಚಿ. ಸುಹಾಸನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ದಿನವೂ ಕೆಲಸಕ್ಕೆ ಓಡಿಸಲು 1968ರ ಟ್ರೈಂಫ್ ಬಾನ್‌ವಿಲ್ ಮೋಟಾರ್‌ಸೈಕಲ್ ನೋಡಿಟ್ಟಿದ್ದೀಯೆ ಎಂದು ಓದಿ ಸಂತೋಷವಾಯಿತು. ಇಂಗ್ಲೆಂಡಿನಲ್ಲಿ ನೀನಿರುವ ಕಾವೆಂಟ್ರಿಯ ಪಕ್ಕದ ಮೆರಿಡನ್ನಿನಲ್ಲೇ ಹುಟ್ಟಿದ ಗಾಡಿಯದು. ಆದರೆ ಪತ್ರದ ಕೊನೆಯಲ್ಲಿ, "ಈಗಿನ ಗಾಡಿಯನ್ನೂ ಇಟ್ಟುಕೊಳ್ಳುತ್ತೇನೆ, ಆದರೆ ಟ್ರೈಂಫಿನಲ್ಲಿ ಮಾತ್ರ ಗೇರು ಬಲಗಡೆ, ಬ್ರೇಕು ಎಡಗಡೆ, ಅವಸರದಲ್ಲಿ ಕಾಲು ತಪ್ಪಿಬಿಟ್ಟರೆ ಎಂಬ ಅಳುಕಿದೆ" ಎಂದು ಬರೆದಿದ್ದೀಯಲ್ಲ, ಆ ಸಾಲು ಓದಿದಂದಿನಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಆ ಅಳುಕು ನಿಜವಾದದ್ದು. ಅದನ್ನು ಯಾರಾದರೂ ಹಗುರಾಗಿ ತಳ್ಳಿಹಾಕಿದರೆ ನಂಬಬೇಡ.

1979ರಲ್ಲಿ ನನ್ನ ಬಳಿ ಇದ್ದದ್ದು ನಮ್ಮ ಮೈಸೂರಿನಲ್ಲೇ ತಯಾರಾದ ಜಾವಾ. ಅದರ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಸ್ನೇಹಿತನೊಬ್ಬನ ಬುಲೆಟ್ಟಿನಲ್ಲಿ ಎರಡೂ ಅದಲುಬದಲು. ವಾರಕ್ಕೊಮ್ಮೆ ಅದನ್ನು ಕೇಳಿ ತಂದು ಓಡಿಸುತ್ತಿದ್ದೆ, ಎರಡೂ ನನಗೆ ಒಗ್ಗಿವೆ ಎಂದು ಹೆಮ್ಮೆಪಡುತ್ತಿದ್ದೆ. ನಂಜನಗೂಡಿನ ರಸ್ತೆಯಲ್ಲಿ ನಡೆದದ್ದನ್ನು, ನಿನ್ನ ಅಪ್ಪನ ಕಾಲಿನ ಕಥೆಯನ್ನು, ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಎತ್ತು ಅಡ್ಡ ಬಂತು ಎಂದು ಮನೆಯವರೆಲ್ಲ ಇಂದಿಗೂ ಹೇಳುತ್ತಾರೆ. ಎತ್ತು ಬಂದದ್ದು ನಿಜ, ಆದರೆ ನಿಲ್ಲಿಸಲು ಬೇಕಾದಷ್ಟು ಜಾಗವಿತ್ತು. ನಾನು ಜಾವಾದ ಅಭ್ಯಾಸದಲ್ಲಿ, ಬ್ರೇಕೆಂದುಕೊಂಡು, ಬಲಗಾಲಿನಿಂದ ಬಲವಾಗಿ ತುಳಿದೆ. ಆ ಬುಲೆಟ್ಟಿನಲ್ಲಿ ಮೊದಲನೆಯ ಗೇರು ಮೇಲಕ್ಕೆ, ಉಳಿದವು ಕೆಳಕ್ಕೆ. ಆದ್ದರಿಂದ ಗಾಡಿ ನಿಲ್ಲುವ ಬದಲು ಮುಂದಿನ ಗೇರಿಗೆ ಬಿದ್ದು ಹಾಗೆಯೇ ನುಗ್ಗಿತು. ಈ ಮಾತನ್ನು ಇಷ್ಟು ವರ್ಷ ನಾನು ಯಾರಿಗೂ ಹೇಳಿಲ್ಲ, ಹಿಂದೆ ಕುಳಿತಿದ್ದ ನಿನ್ನ ಅಪ್ಪನಿಗೂ ಹೇಳಿಲ್ಲ.

ನೆಮ್ಮದಿಯಾಗಿ ಹೋಗುವಾಗ ಕಾಲು ತಪ್ಪುವುದಿಲ್ಲ, ಮಗೂ. ಹೆದರಿದ ಗಳಿಗೆಯಲ್ಲಿ ಮಾತ್ರ ಅದು ನಮ್ಮನ್ನು ಕೇಳದೆ ತನ್ನ ಹಳೆಯ ಜಾಗವನ್ನು ಹುಡುಕಿಕೊಂಡು ಹೋಗುತ್ತದೆ.

ಅಲ್ಲಿಯ ಮಾರುಕಟ್ಟೆಯನ್ನು ಕಣ್ಣಾರೆ ಕಾಣದ ನಾನು ಸಲಹೆ ಕೊಡುವುದು ಎಷ್ಟು ಸರಿಯೋ ತಿಳಿಯದು. ಆದರೂ ಒಂದು ಮಾತು. ಗೇರು ಎಡಗಾಲಿಗೇ ಇರಬೇಕೆಂದು ಅಮೆರಿಕದವರು ಕಡ್ಡಾಯ ಮಾಡಿದ ಮೇಲೆ, 1975ರ ಸುಮಾರಿಗೆ ಬ್ರಿಟನ್ನಿನ ಗಾಡಿಗಳೂ ಬದಲಾದವು. ಮೆರಿಡನ್ನಿನ ಕಾರ್ಮಿಕರು ಸಹಕಾರ ಸಂಘ ಕಟ್ಟಿಕೊಂಡು 1976ರಿಂದ 1983ರವರೆಗೆ ತಯಾರಿಸಿದ 750 ಸಿಸಿಯ ಟ್ರೈಂಫ್‌ಗಳಲ್ಲಿ ಗೇರು ಎಡಗಡೆಯೇ ಇದೆ, ಹೆಚ್ಚಿನವುಗಳಿಗೆ ಮುಂದೆಯೂ ಹಿಂದೆಯೂ ಡಿಸ್ಕ್ ಬ್ರೇಕಿದೆ. ಅವುಗಳಲ್ಲಿ ಟೈಗರ್ ಎಂಬುದಕ್ಕೆ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಒಂದೇ. ದಿನವೂ ಓಡಿಸುವವನಿಗೆ ಎರಡನ್ನು ಸರಿದೂಗಿಸುವ ತಾಪತ್ರಯ ಇರುವುದಿಲ್ಲ. ಕಿಕ್ ಹೊಡೆಯುವುದು ಬೇಡವೆನಿಸಿದರೆ 1975ರ ನಾರ್ಟನ್ ಕಮಾಂಡೋ ಮಾರ್ಕ್ 3 ಇದೆ, ಅದಕ್ಕೆ ಸೆಲ್ಫ್ ಸ್ಟಾರ್ಟ್ ಕೂಡ ಉಂಟು. 1968ರದ್ದರ ಚೆಲುವು ಇವುಗಳಿಗಿಲ್ಲ ಎಂದು ನೀನು ಹೇಳುತ್ತೀಯೆ, ನಾನೂ ಒಪ್ಪುತ್ತೇನೆ.

ಅದೇ ಬೇಕೆಂದು ಮನಸ್ಸು ಹಟ ಹಿಡಿದರೆ ಈಗಿನ ಗಾಡಿಯನ್ನು ಮಾರಿಬಿಡು. ಎರಡನ್ನೂ ಇಟ್ಟುಕೊಳ್ಳಬೇಡ, ನಾನು ಬೇಡಿಕೊಳ್ಳುವುದು ಇಷ್ಟನ್ನೇ. ಮೊದಲ ಕೆಲವು ತಿಂಗಳು ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡ. ಖಾಲಿ ಮೈದಾನದಲ್ಲಿ ಗಕ್ಕನೆ ನಿಲ್ಲಿಸುವುದನ್ನು ಮತ್ತೆ ಮತ್ತೆ ಮಾಡಿ ನೋಡು. ನಾನು ಅದನ್ನು ಒಂದು ಸಲವೂ ಮಾಡಿ ನೋಡಿರಲಿಲ್ಲ.

ಈ ಕಾಗದವನ್ನು ಅಪ್ಪನಿಗೆ ತೋರಿಸಬೇಡ ಎಂದು ಬರೆಯಲು ಹೊರಟಿದ್ದೆ. ಬೇಡ, ಮುಂದಿನ ಸಲ ಫೋನ್ ಮಾಡಿದಾಗ ಅವನಿಗೆ ಓದಿ ಹೇಳು. ಅವನು ಏನೆಂದನೆಂಬುದನ್ನು ನನಗೆ ಬರೆ.

ಇಂತಿ,
ನಿನ್ನ ದೊಡ್ಡಪ್ಪ