ಗೆಳೆಯನಿಗೊಂದು ಪತ್ರ: ಆರನೇ ಪುಟದ ಬೂದು ಗೆರೆ

ಲೋ ಮಾರಾಯ,

ಮೆಸೇಜ್ ಮಾಡೋದು ಬಿಟ್ಟು ಊರೆಲ್ಲ ಓದೋ ಜಾಗದಲ್ಲಿ ಯಾಕೆ ಬರೆದೆ ಅಂತ ಬೈಯಬೇಡ. ಮೆಸೇಜ್ ಮಾಡಿದರೆ ನೀನು ಹೆಬ್ಬೆರಳು ಒತ್ತಿ ಮಲಗಿಬಿಡುತ್ತೀಯ. ಇಲ್ಲಿ ನಾಲ್ಕು ಜನ ನೋಡುತ್ತಿದ್ದರೆ ಮರ್ಯಾದೆಗಾದರೂ ಉತ್ತರ ಕೊಡುತ್ತೀಯ, ಅಲ್ವಾ?

ನಾನೊಂದು ಝೀನ್ ಮಾಡಿದ್ದೇನೆ. ಕೈಯಲ್ಲೇ ಬರೆದು, ಕತ್ತರಿಸಿ, ಅಂಟಿಸಿ, ಹನುಮಂತನಗರದಲ್ಲಿ ಜೆರಾಕ್ಸ್ ಮಾಡಿಸಿದ ಪುಟಾಣಿ ಪತ್ರಿಕೆ. ಹೆಸರು 'ಎಮ್ಮೆ ಸಮಾಚಾರ'. ನಗಬೇಡ. ಆ ಹೆಸರಿಗೆ ಕಾರಣ ನೀನೇ. ಆ ಕಥೆ ಇಲ್ಲಿ ಬೇಡ, ನಿಮ್ಮಕ್ಕನೂ ಇದನ್ನು ಓದುತ್ತಾರೆ.

ಒಂದು ಎ4 ಹಾಳೆ ಸಾಕು ಕಣೋ. ಮೂರು ಸಲ ಮಡಚಿದರೆ ಎಂಟು ಮನೆ. ಬಿಚ್ಚಿ, ನಟ್ಟನಡುವೆ ಎರಡು ಮನೆ ಉದ್ದಕ್ಕೆ ಕತ್ತರಿ ಹಾಕಿ ಮತ್ತೆ ಮಡಚಿದರೆ ಎಂಟು ಪುಟದ ಪುಸ್ತಕ. ಪಿನ್ನೂ ಬೇಡ. ಒಂದು ಸಾಲಿನ ಪುಟಗಳನ್ನು ಮಾತ್ರ ತಲೆಕೆಳಗಾಗಿ ಬರೆಯಬೇಕು. ಜೆರಾಕ್ಸ್ ಅಂಗಡಿಯವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, "ಸಾರ್, ಅರ್ಧ ಉಲ್ಟಾ ಇದೆ" ಅಂದರು. "ಹಾಗೇ ಇರಲಿ" ಅಂದೆ. ನನ್ನ ಮುಖ ಒಂದು ಸಲ ನೋಡಿ ದುಡ್ಡು ಮೊದಲೇ ಇಸ್ಕೊಂಡರು.

ಇದೇನೂ ಹೊಸ ಹುಚ್ಚಲ್ಲ. 1930ರಲ್ಲೇ ಶಿಕಾಗೋದ ವಿಜ್ಞಾನ ಕಥೆಗಳ ಅಭಿಮಾನಿಗಳು 'ದಿ ಕಾಮೆಟ್' ಅಂತ ಒಂದನ್ನು ತಮ್ಮತಮ್ಮೊಳಗೆ ಹಂಚಿಕೊಂಡಿದ್ದರು. 1976ರಲ್ಲಿ ಲಂಡನ್ನಿನ ಬ್ಯಾಂಕ್ ಗುಮಾಸ್ತ ಮಾರ್ಕ್ ಪೆರಿ ಪಂಕ್ ಸಂಗೀತದ ಹುಚ್ಚಿಗೆ 'ಸ್ನಿಫಿನ್ ಗ್ಲೂ' ಶುರು ಮಾಡಿದ. ತಲೆಬರಹವೆಲ್ಲ ದಪ್ಪ ಸ್ಕೆಚ್ ಪೆನ್ನಿನಲ್ಲಿ. ಪ್ರತಿಗಳು ಸಾವಿರಗಟ್ಟಲೆ ಹೋಗುತ್ತಿದ್ದಾಗ, ಮರುವರ್ಷವೇ ನಿಲ್ಲಿಸಿಬಿಟ್ಟ. ಅಷ್ಟು ಜನ ಓದುವಾಗ ನಿಲ್ಲಿಸೋಕೆ ಎಂಥ ಧೈರ್ಯ ಬೇಕು! ನಮ್ಮಲ್ಲೂ ನೋಡು, ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಬಂದದ್ದು ಕಲ್ಲಚ್ಚಿನಲ್ಲಿ. ಅಚ್ಚಿನ ಮೊಳೆ ಜೋಡಿಸಿದ್ದಲ್ಲ, ಕೈಬರಹವೇ ಅಚ್ಚಾದದ್ದು. ನನ್ನ ಎಮ್ಮೆಗೂ ಒಂದು ವಂಶ ಇದೆ ಅಂತ ಹೇಳಿದೆ ಅಷ್ಟೆ.

ಫೋನಿನಲ್ಲಿ ಬರೆದದ್ದು ನುಣ್ಣಗಿರುತ್ತದೆ. ಏನು ಅಳಿಸಿದೆ ಅಂತ ಯಾರಿಗೂ ಗೊತ್ತಾಗಲ್ಲ. ಜೆರಾಕ್ಸ್ ಚಾಡಿಕೋರ. ಬರೆದದ್ದರ ಮೇಲೆ ಚೀಟಿ ಅಂಟಿಸಿದರೆ ಅದರ ಅಂಚಿನ ನೆರಳು ಸಣ್ಣ ಬೂದು ಗೆರೆಯಾಗಿ ಎಲ್ಲ ಪ್ರತಿಯಲ್ಲೂ ಮೂಡುತ್ತದೆ. ಆರನೇ ಪುಟದ ಎಮ್ಮೆ ಚಿತ್ರದ ಸುತ್ತ ಅಂಥದ್ದೊಂದು ಗೆರೆ ಇದೆ. ನೀನು ನೋಡೇ ನೋಡುತ್ತೀಯ.

ಆ ಚಿತ್ರದ ಚೀಟಿಯ ಅಡಿಯಲ್ಲಿ ಬರೆದದ್ದು ನಿನ್ನ ಬಗ್ಗೆ. ಹೇಳಬಾರದು ಅಂತಿದ್ದೆ. ನೀನು ಪುಣೆಗೆ ಹೋದಮೇಲೆ ಬರೆದದ್ದನ್ನು ಮೊದಲು ತೋರಿಸೋಕೆ ಯಾರೂ ಇಲ್ಲ. ಗಾಂಧಿಬಜಾರಿನಲ್ಲಿ ಕಾಫಿ ಆರೋವರೆಗೂ ನನ್ನ ಪದ್ಯಗಳ ಜನ್ಮ ಜಾಲಾಡುತ್ತಿದ್ದವನು ನೀನು. ಈಗ ಲೈಕ್ ಎಣಿಸಿಕೊಂಡು ಬರೆಯುತ್ತೇನೆ. ಯಾವುದಕ್ಕೆ ಜಾಸ್ತಿ ಬಿತ್ತೋ ಅದನ್ನೇ ಇನ್ನೊಂದು ಸಲ, ಸ್ವಲ್ಪ ತಿರುಗಿಸಿ. ಅಪ್ಪ ತೀರಿಕೊಂಡಾಗ ಹಾಕಿದ ಪೋಸ್ಟ್ ನೆನಪಿದೆಯಾ? ಅವತ್ತು ರಾತ್ರಿ ಅಮ್ಮ ಒಳಗೆ ನಿದ್ದೆಯಿಲ್ಲದೆ ಹೊರಳುತ್ತಿದ್ದರು. ನಾನು ಹಾಲ್‌ನಲ್ಲಿ ಕೂತು ಎಷ್ಟು ಜನ ನೋಡಿದರು ಅಂತ ನೋಡುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಝೀನಿನಲ್ಲಿ ಆ ಲೆಕ್ಕ ಸಿಗೋದೇ ಇಲ್ಲ. ಚರ್ಚ್ ಸ್ಟ್ರೀಟಿನಲ್ಲಿ ಒಬ್ಬ ಹುಡುಗಿಗೆ ಒಂದು ಪ್ರತಿ ಕೊಟ್ಟೆ. ಥ್ಯಾಂಕ್ಸ್ ಅಂದು ಬ್ಯಾಗಿಗೆ ಹಾಕಿಕೊಂಡು ಹೋದಳು. ಓದಿದಳೋ, ಮೆಟ್ರೋದಲ್ಲಿ ಬಿಟ್ಟಳೋ, ದೇವರಿಗೇ ಗೊತ್ತು. ಮೊದಲು ಹಿಂದೆ ಓಡಿಹೋಗಿ ಕೇಳೋಣ ಅನ್ನಿಸಿತು. ಆಮೇಲೆ, ಸುಮ್ನೆ ಹೇಳುತ್ತಿಲ್ಲ, ಮೈ ಹಗುರಾಯಿತು.

ಸಾಕು, ಜಾಸ್ತಿ ಆಯಿತು. ಕೆಳಗೆ 'ಮನ ಮುಟ್ಟಿತು' ಅಂತ ಕಾಮೆಂಟ್ ಹಾಕಬೇಕು ಅಂದುಕೊಂಡವರು ದಯವಿಟ್ಟು ಹಾಕಿ. ನಾನು ಇನ್ನೂ ಅಷ್ಟೇನೂ ಉದ್ಧಾರ ಆಗಿಲ್ಲ.

ನಿನಗೆ ಜೆರಾಕ್ಸ್ ಅಲ್ಲ ಕಣೋ, ಅಂಟಿಸಿದ ಮೂಲ ಹಾಳೆಯನ್ನೇ ಕಳಿಸುತ್ತೇನೆ. ಫೆವಿಕಾಲ್ ಖಾಲಿಯಾಗಿತ್ತು, ಚೀಟಿಗೆ ಹಾಕಿರೋದು ಬರೀ ಗ್ಲೂ ಸ್ಟಿಕ್. ವಿಳಾಸ, ಪಿನ್‌ಕೋಡ್ ವಾಟ್ಸಾಪ್‌ನಲ್ಲೇ ಕಳಿಸು. ಕೈಬರಹ ಅಂತ ಭಾವುಕನಾಗಿ ಕಾರ್ಡ್ ಗೀರ್ಡ್ ಬರೆಯೋಕೆ ಹೋಗಬೇಡ. ನಿನ್ನ ಅಕ್ಷರ ನೋಡಿದರೆ ಪೋಸ್ಟ್‌ಮ್ಯಾನ್ ಅದನ್ನು ಮೆಡಿಕಲ್ ಶಾಪಿಗೆ ಕೊಟ್ಟು ಹೋಗುತ್ತಾನೆ.

ಇಂತಿ,
ಎಮ್ಮೆಯ ಸಂಪಾದಕ