ಪುಸ್ತಕ ಮೇಳಕ್ಕೆ ಹೊರಟವರ ಗಮನಕ್ಕೆ

ಗೆಳೆಯರೇ, ಹೊರದೇಶದಲ್ಲಿರುವ ನಮ್ಮಂಥ ಓದುಗರಿಗೆ ಪುಸ್ತಕ ಮೇಳ ಅಂದ್ರೆ ಹಬ್ಬ. ಆದರೆ ಟಿಕೆಟ್ ಮಾಡಿಸುವ ಮುಂಚೆ ಅದು ಓದುಗರ ಮೇಳವೋ ವ್ಯಾಪಾರದ ಮೇಳವೋ ಅಂತ ನೋಡಿಕೊಳ್ಳಿ. ಲಂಡನ್ ಮೇಳ ಮುಖ್ಯವಾಗಿ ಪ್ರಕಾಶಕರು, ಲೇಖಕರ ಏಜೆಂಟರು ಪುಸ್ತಕದ ಪ್ರಕಟಣೆ, ಅನುವಾದದ ಹಕ್ಕುಗಳ ಮಾತುಕತೆ ನಡೆಸುವ ಜಾಗ. ಅಲ್ಲಿ ಚೀಲ ತುಂಬಿಸಿಕೊಳ್ಳುವ ಆಸೆ ಬೇಡ. ಅಕ್ಟೋಬರ್‌ನ ಫ್ರಾಂಕ್‌ಫರ್ಟ್ ಮೇಳದಲ್ಲೂ ಮೊದಲ ದಿನಗಳು ಪ್ರಕಾಶನದವರಿಗೆ, ವಾರಾಂತ್ಯ ನಮಗೆ. ಅದು ತುಂಬಾ ದೊಡ್ಡದು. ಯಾವ ಹಾಲ್ ಅಂತ ಮೊದಲೇ ಗುರುತು ಹಾಕಿಕೊಳ್ಳದಿದ್ದರೆ ಸುಮ್ನೆ ನಡೆದೂ ನಡೆದೂ ದಿನ ಮುಗಿಯುತ್ತದೆ.

ನನ್ನ ಕೇಳಿದರೆ ಮೊದಲ ಸಲ ಹೋಗುವವರಿಗೆ ಶಾರ್ಜಾ ಒಳ್ಳೆಯದು. 1982ರಲ್ಲಿ ಶುರುವಾದ ಮೇಳ, ಸಾಮಾನ್ಯವಾಗಿ ನವೆಂಬರ್‌ನಲ್ಲಿ ನಡೆಯುತ್ತದೆ, ಪ್ರವೇಶ ಉಚಿತ. ಭಾರತೀಯ ಭಾಷೆಗಳ ಮಳಿಗೆಗಳೂ ಇರುತ್ತವೆ. ಪರದೇಶದ ಜನಜಂಗುಳಿಯಲ್ಲಿ ನಮ್ಮ ಕಡೆಯ ಲಿಪಿ ಕಂಡಾಗ ಆಗುವ ಖುಷಿಯೇ ಬೇರೆ, ಅಲ್ವಾ?

ಲಗೇಜಿನ ಮಾತು. ಎಷ್ಟೋ ವಿಮಾನಗಳಲ್ಲಿ ಒಂದು ಪೆಟ್ಟಿಗೆಗೆ 23 ಕಿಲೋ ಮಿತಿ. ಗಟ್ಟಿ ರಟ್ಟಿನ ಪುಸ್ತಕ ಹತ್ತು ಹದಿನೈದಾದರೆ ಅರ್ಧ ಪೆಟ್ಟಿಗೆಯ ತೂಕ ಮುಗಿಯಿತು. ಭಾರದ ಪುಸ್ತಕಗಳನ್ನು ಚಕ್ರದ ಕಡೆ ಅಡ್ಡ ಮಲಗಿಸಿ, ಮೂಲೆ ಮಡಚದಂತೆ ಸುತ್ತ ಬಟ್ಟೆ ತುರುಕಿ. ಎಲ್ಲ ಕಡೆ ಸಿಗುವ ಪುಸ್ತಕ ಹೊರಬೇಡಿ. ಶೀರ್ಷಿಕೆ ಪುಟದ ಹಿಂಬದಿಯ ಫೋಟೋ ತೆಗೆದುಕೊಳ್ಳಿ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಪ್ರಕಾಶಕರ ಹೆಸರು ಅಲ್ಲೇ ಇರುತ್ತವೆ, ಆಮೇಲೆ ತರಿಸಬಹುದು. ಚೀಲದಲ್ಲಿ ಜಾಗ ಸಣ್ಣ ಪ್ರಕಾಶಕರಿಗಿರಲಿ. ಅವರ ಪುಸ್ತಕ ಮತ್ತೆ ಕೈಗೆ ಸಿಗುವುದು ಕಷ್ಟ.

ಹೋಗುವವರು ಊರು, ದಿನ ಇಲ್ಲೇ ಹಾಕಿ. ಜೊತೆಯಾಗಿ ಸುತ್ತೋಣ.